ಎಂಟರಲ್ಲಿ ಒಂದು ಪಿಸ್ಟನ್

ಸಂಜೀವಣ್ಣ ಚಹಾ ಕುಡಿದಾದ ಮೇಲೆ ಲೋಟವನ್ನು ಸುಮ್ಮನೆ ಕೆಳಗಿಡುತ್ತಿರಲಿಲ್ಲ. ಒಳಗೆ ಬೆರಳು ಹಾಕಿ, ಉಗುರಿನಿಂದ ಸುತ್ತಲೂ ಸವರಿ, "ಬಾಯಮ್ಮ, ಇದು ಒಂದು ಬದಿ ಸವೆದದ್ದುಂಟು" ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಅದೇ ಲೋಟ ತೊಳೆದ ನನಗೆ ತಿಳಿಯದ್ದು ಅವರ ಉಗುರಿಗೆ ತಿಳಿಯುತ್ತಿತ್ತು. ಆ ಉಗುರಿನ ಅಂಚಿನ ಕಪ್ಪು ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ.

ಕುವೈತಿನ ಫರ್ವಾನಿಯಾದಲ್ಲಿ ನಮ್ಮ ಫ್ಲ್ಯಾಟಿನ ಕೆಳಗೇ ಅವರ ಕೋಣೆ. ಕೆಲಸ ಕಫೀಲನ, ಎಂದರೆ ವೀಸಾ ಕೊಟ್ಟ ಧಣಿಯ, ಗ್ಯಾರೇಜಿನಲ್ಲಿ. ತೊಂಬತ್ತರ ಬೇಸಿಗೆಯಲ್ಲಿ ಆ ಅರಬಿ ತನ್ನ ತಂದೆಯ ಕಾಲದ, ಉದ್ದ ಮೂತಿಯ ಅಮೆರಿಕನ್ ಕಾರನ್ನು ಇವರಿಗೆ ಒಪ್ಪಿಸಿ, ಇಂಜಿನ್ ಬಿಚ್ಚಿ ಹೊಸದು ಮಾಡು, ಮೊದಲಿಗಿಂತ ದೊಡ್ಡದು ಮಾಡು ಎಂದು ಹೇಳಿ ರಜೆಗೆ ಹೊರದೇಶಕ್ಕೆ ಹೋದ. ಎಂಟು ಸಿಲಿಂಡರುಗಳನ್ನೂ ಕೊರೆದು ಅಗಲ ಮಾಡಬೇಕು; ಅದಕ್ಕೆ ತಕ್ಕ ಎಂಟು ದೊಡ್ಡ ಪಿಸ್ಟನ್ ಆಗಲೇ ಬಂದಿದ್ದವು. ಸಿಸಿ ಹೆಚ್ಚಿ ಗಾಡಿ ಹಾರುತ್ತದೆ, ನಿಜ. ಆದರೆ ಒಳಗೋಡೆ ತೆಳುವಾಗುತ್ತದೆ. ಅಲ್ಲಿಯ ಬಿಸಿಲಿಗೆ ಕಾದು ಬಿರುಕು ಬಿಟ್ಟರೆ ಇಂಜಿನ್ ಖಲಾಸ್.

ಕಾರಿನ ಜೊತೆ ದಪ್ಪದೊಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ನಾನು ಕಾನ್ವೆಂಟಿನಲ್ಲಿ ಕಲಿತವಳೆಂದು ಅದನ್ನು ನನ್ನ ಮುಂದಿಟ್ಟರು. ಪ್ರತಿ ಸಂಜೆ ಕೊರೆಯುವ ಅಳತೆಯ ಅದೇ ಪುಟ ಓದಿ ಅರ್ಥ ಹೇಳಬೇಕು. ಅವರು ಕೂರುತ್ತಿರಲಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಒಂದು ದಿನ ಕೊರೆಯುವುದೇ ಎಂದು ನಿಶ್ಚಯ. ಮರುದಿನ ಹಳೆಯ ಅಳತೆಗೇ ಕಟ್ಟಿಬಿಡುವುದು. ನಮ್ಮವರು, "ಸಂಜೀವಣ್ಣ, ನೀವು ಹೆಣ್ಣು ನೋಡಿದ್ದೂ ಹೀಗೆಯೇ ಏನು?" ಎಂದು ಕೀಟಲೆ ಮಾಡಿದರೆ, ಅದಕ್ಕೇ ಇನ್ನೂ ಮದುವೆಯಾಗಿಲ್ಲ ಎಂದು ನಕ್ಕರು. ನಕ್ಕವರು ಮತ್ತೆ ಕಿಟಕಿಗೆ ಹೋದರು.

ನನಗೆ ತಿಳಿದದ್ದು ಅಡುಗೆಮನೆ ಮಾತ್ರ. ತಳ ಉಜ್ಜಿ ಉಜ್ಜಿ ತೆಳುವಾದ ಪಾತ್ರೆಯಲ್ಲಿ ಗಂಜಿ ಸೀಯುತ್ತದಲ್ಲ ಎಂದೆ. ಅವರು ನಡೆಯುವುದನ್ನು ನಿಲ್ಲಿಸಿದರು.

"ಅದೇ ನೋಡಿ. ಪಿಸ್ಟನ್ ಬೇಕಾದರೆ ಬದಲಾಯಿಸಬಹುದು ಬಾಯಮ್ಮ. ಕೊರೆದ ಕಬ್ಬಿಣವನ್ನು ವಾಪಸ್ ಹಚ್ಚಲಿಕ್ಕೆ ಉಂಟಾ?"

ಆದರೂ ಕಫೀಲನಿಗೆ ಏನು ಹೇಳುವುದೆಂದು ಯೋಚಿಸುತ್ತಲೇ ಆಗಸ್ಟ್ ಬಂತು. ಒಂದು ಬೆಳಿಗ್ಗೆ ರಸ್ತೆಯ ತುಂಬ ಇರಾಕಿ ಸೈನಿಕರು. ಓಡುವ ಕಾರುಗಳನ್ನೆಲ್ಲ ಅವರು ಓಡಿಸಿಕೊಂಡು ಹೋದರು. ಬಿಚ್ಚಿ ಹರಡಿದ್ದ ಇದೊಂದು ಉಳಿಯಿತು.

ಸೆಪ್ಟೆಂಬರಿನಲ್ಲಿ ನಮಗೆ ಜೋರ್ಡಾನಿಗೆ ಹೋಗುವ ಬಸ್ಸು ಸಿಕ್ಕಿತು. ಸಂಜೀವಣ್ಣ ಬರಲಿಲ್ಲ. ಬಿಚ್ಚಿದ್ದನ್ನು ಹಾಗೇ ಬಿಟ್ಟುಹೋದರೆ ಕೈ ಸುಮ್ಮನಿರುವುದಿಲ್ಲ ಎಂದರು. ಹೊರಡುವ ಹೊತ್ತಿಗೆ ಬಟ್ಟೆಯಲ್ಲಿ ಸುತ್ತಿದ ಭಾರದ್ದೊಂದನ್ನು ನನ್ನ ಕೈಯಲ್ಲಿಟ್ಟರು. ಹೊಸ ಪಿಸ್ಟನ್.

"ಇದು ನಿಮ್ಮ ಕಫೀಲರದ್ದಲ್ಲವಾ ಸಂಜೀವಣ್ಣ?"

"ಅವರ ಕಾರು ಉಳಿಯಲಿ ಅಂತಲೇ ಕೊಡುವುದು. ಏಳು ಹೊಸ ಪಿಸ್ಟನ್ನಿನಲ್ಲಿ ಇಂಜಿನ್ ಕಟ್ಟಲಿಕ್ಕಾಗುವುದಿಲ್ಲ, ಕೊರೆಯದೆ ಹಳೆಯ ಅಳತೆಗೇ ಕಟ್ಟಬೇಕು. ಇದು ಇಲ್ಲಿದ್ದರೆ ನಾಳೆ ನಾನೇ ಮನಸ್ಸು ಬದಲಾಯಿಸುತ್ತೇನೆ. ಬೇಕೆಂದರೆ ಊರಿಗೆ ಬಂದು ಕೇಳುತ್ತೇನೆ, ಆಗಲೂ ಕೊಡಬೇಡಿ."

ದಾರಿಯಲ್ಲಿ ಸೈನಿಕನೊಬ್ಬ ಮಗಳ ಫ್ರಾಕುಗಳ ನಡುವಿನಿಂದ ಅದನ್ನು ಎತ್ತಿ ಇದೇನೆಂದು ಕೇಳಿದ. ಸಿಗರೇಟಿನ ಬೂದಿ ಹಾಕುವುದೆಂದು ಸುಳ್ಳು ಹೇಳಿದೆ. ಅವನು ಮಗುಚಿ ನೋಡಿ, ತನ್ನ ಸಿಗರೇಟಿನ ಬೂದಿಯನ್ನು ಅದರೊಳಗೇ ಕೊಡವಿ ವಾಪಸ್ ಕೊಟ್ಟ.

ಮರುವರ್ಷ ಯುದ್ಧ ಮುಗಿಯಿತು. ಹೋದವರು ಮರಳಿದರು, ಕಾಗದಗಳು ಬಂದವು. ಸಂಜೀವಣ್ಣನ ಸುದ್ದಿ ಯಾರೂ ತರಲಿಲ್ಲ. ಪಿಸ್ಟನ್ ಮಂಗಳೂರಿನ ನಮ್ಮ ಕಿಟಕಿಯ ಮೇಲಿದೆ; ಧೂಳು ಒರೆಸುವಾಗ ನನ್ನ ಉಗುರು ತಾನಾಗಿ ಅದರ ಸುತ್ತ ಹೋಗುತ್ತದೆ. ಅವರು ಅದನ್ನು ಕೇಳಿಕೊಂಡು ಬರಲಿಲ್ಲ. ಮನಸ್ಸು ಬದಲಾಯಿಸಿಲ್ಲ, ಅಷ್ಟೇ, ಎಂದು ತಿಳಿದುಕೊಂಡಿದ್ದೇನೆ.