ಆಗಿಯೇ ಇಲ್ಲದ ಮದುವೆ

ಅವಳಿಗೆ ಹಲ್ಲಮ್ಮ ಅಂತ ಹೆಸರಿಟ್ಟವರು ಚರ್ಚಿನ ಹೆಂಗಸರು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟುಗಳನ್ನು ತಯಾರಿಸುವುದು ಅವಳ ಕೆಲಸ. ಮೇಣದಲ್ಲಿ ಒಸಡು ತಿದ್ದಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಅಚ್ಚಿನ ಮೇಲಿಟ್ಟು ನೋಡಿ, ಕೊನೆಗೆ ಪಾಲಿಶ್ ಹೊಡೆಯುತ್ತಾಳೆ. ಭಾನುವಾರದ ಪೂಜೆಯಲ್ಲಿ ಮುಂದಿನ ಬೆಂಚುಗಳಲ್ಲಿ ಕೂತು ಒಬ್ಬರನ್ನೊಬ್ಬರು ನೋಡಿ ಹಲ್ಲು ಕಿರಿಯುವ ದಂಪತಿಗಳಲ್ಲಿ ಅರ್ಧಕ್ಕರ್ಧ ಮಂದಿಯ ನಗು ಅವಳ ಕೈಯಲ್ಲಿ ತಯಾರಾದದ್ದು. ಹಾಗಾಗಿ ಅವಳು ಯಾರ ನಗುವಿಗೂ ಮೂರು ಕಾಸಿನ ಬೆಲೆ ಕೊಡುತ್ತಿರಲಿಲ್ಲ.

ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ನಿಮ್ಮನ್ನೆಲ್ಲ ನೋಡಿದ್ನಲ್ಲ, ಅದಕ್ಕೇ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮದುವೆ ಬೇಡ ಎಂದ ಹೆಣ್ಣು ಸಿಸ್ಟರ್ ಆಗಿ ಮಠ ಸೇರಿದರೆ ಚರ್ಚಿನಲ್ಲಿ ಅವಳಿಗೆ ದೊಡ್ಡ ಗೌರವ. ಮಠವನ್ನೂ ಸೇರದೆ ಉಳಿದುಬಿಟ್ಟರೆ ಅವಳನ್ನು ಎಲ್ಲಿ ಕೂರಿಸುವುದೆಂದೇ ಆ ಜನಕ್ಕೆ ತಿಳಿಯುವುದಿಲ್ಲ. ಕೂರಿಸದೆ ಕುರ್ಚಿ ಎತ್ತಿಡುವ ಕೆಲಸಕ್ಕೆ ಹಚ್ಚುತ್ತಾರೆ.

ಅವಳ ಅಣ್ಣ ಕುಟುಂಬ ಸಂಘದ ಅಧ್ಯಕ್ಷ. ಮದುವೆ ಗೊತ್ತಾದ ಹುಡುಗ ಹುಡುಗಿಯರೆಲ್ಲ ಚರ್ಚಿನ ಹಾಲಿನಲ್ಲಿ ಅವನ ತರಗತಿಗೆ ಬಂದು ಕೂರಲೇಬೇಕು. ದಾಂಪತ್ಯವೆಂದರೆ ಎರಡು ಮನಸ್ಸುಗಳ ಸಂಭಾಷಣೆ ಎಂದು ಅವನು ಅವರ ತಲೆ ತಿನ್ನುತ್ತಿದ್ದ. ಮನೆಯಲ್ಲಿ ಈ ಸಂಭಾಷಣೆಕಾರನಿಗೆ ಹೆಂಡತಿಯ ಜೊತೆ ಇದ್ದ ಮಾತು ಎರಡು: "ಬಡಿಸು", "ತೆಗಿ". ಅತ್ತಿಗೆ ಬಡಿಸುತ್ತಿದ್ದಳು, ತೆಗೆಯುತ್ತಿದ್ದಳು. ಹಲ್ಲಮ್ಮನಿಗೆ ಅಣ್ಣನ ಮೇಲಿದ್ದಷ್ಟೇ ತಾತ್ಸಾರ ಅತ್ತಿಗೆಯ ಮೇಲೂ ಇತ್ತು. ಬಾಯಿ ಇರುವುದು ಹಲ್ಲು ಇಟ್ಟುಕೊಳ್ಳಲಿಕ್ಕೆ ಮಾತ್ರ ಅಂದುಕೊಂಡಿದ್ದಾಳೆ ಇವಳು, ಎಂದುಕೊಳ್ಳುತ್ತಿದ್ದಳು.

ಇಂಥ ಹಲ್ಲಮ್ಮ ಒಂದು ಸಂಜೆ ಕ್ಲಿನಿಕ್ಕಿನ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಳು. ರಿಪೇರಿಗೆ ಬಂದ ಮೆಕ್ಯಾನಿಕ್ ಬಾಗಿಲಿಗೆ ಬಾಯಿಟ್ಟು, "ಒಳಗೆ ಎಷ್ಟು ಜನ ಇದ್ದೀರಿ?" ಎಂದು ಕೂಗಿದ. "ನಾನೊಬ್ಬಳು. ಜೊತೆಗೆ ಇಬ್ಬರ ಹಲ್ಲು" ಎಂದು ಒಳಗಿಂದ ಉತ್ತರ ಹೋಯಿತು. ಆ ಮನುಷ್ಯ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ಸ್ವಂತ ಹಲ್ಲಿನ ನಗು. ಅದಾದ ಮೇಲೆ ಆ ಕಟ್ಟಡದ ಲಿಫ್ಟಿಗೆ ವಿಪರೀತ ಕಾಯಿಲೆ ಶುರುವಾಯಿತು, ಅವನು ವಾರಕ್ಕೊಮ್ಮೆಯಾದರೂ ಬಂದು ನೋಡಬೇಕಾಯಿತು.

ಅವನೂ ಅವರ ಚರ್ಚಿನವನೇ. ಹೆಂಡತಿ ಬಹಳ ವರ್ಷಗಳ ಹಿಂದೆ ಇನ್ನೊಬ್ಬನ ಜೊತೆ ಹೋಗಿ ಬೇರೆ ಊರಲ್ಲಿ ನೆಮ್ಮದಿಯಾಗಿದ್ದಳು. ಕೋರ್ಟಿನಲ್ಲಿ ವಿಚ್ಛೇದನವೂ ಆಗಿತ್ತು. ಆದರೆ ಚರ್ಚಿನ ಲೆಕ್ಕದಲ್ಲಿ ಅವನು ಇನ್ನೂ ಅವಳ ಗಂಡ, ಸಾಯುವವರೆಗೂ ಗಂಡ. ರಿಜಿಸ್ಟರ್ ಮದುವೆ ಮಾಡಿಕೊಳ್ಳಬಹುದು, ಯಾರೂ ಕೈ ಹಿಡಿದು ತಡೆಯುವುದಿಲ್ಲ. ಆದರೆ ಅಲ್ಲಿಂದಾಚೆಗೆ ಇಬ್ಬರಿಗೂ ಪೂಜೆಯಲ್ಲಿ ಗುರುಗಳು ಕೊಡುವ ಪರಮಪ್ರಸಾದ ಇಲ್ಲ.

ಹಲ್ಲಮ್ಮ ಸಿಕ್ಕಿಬಿದ್ದದ್ದು ಇಲ್ಲೇ. ಗುರುಗಳ ಉಪದೇಶ, ಸಂಘ, ಅಣ್ಣನ ಭಾಷಣ ಎಲ್ಲಕ್ಕೂ ಅವಳು ಮೂಗು ಮುರಿದಿದ್ದಳು. ಪ್ರಸಾದಕ್ಕೆ ಮಾತ್ರ ಒಂದು ದಿನವೂ ಮುರಿದಿರಲಿಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಪ್ರತಿ ಭಾನುವಾರ ಆ ಸಾಲಿನಲ್ಲಿ ನಿಂತವಳು. ನಾಲಿಗೆಯ ಮೇಲೆ ಅದನ್ನು ಇಟ್ಟುಕೊಂಡು ವಾಪಸು ಬಂದು ಮೊಣಕಾಲೂರಿದಾಗ ಅವಳ ತಲೆಯೊಳಗಿನ ಕುಹಕವೆಲ್ಲ ಸ್ವಲ್ಪ ಹೊತ್ತು ತಣ್ಣಗಾಗುತ್ತಿತ್ತು. ಅದನ್ನು ಬಿಡಲಾರಳು. ಈ ಮನುಷ್ಯನನ್ನೂ ಬಿಡಲಾರಳು.

ದಾರಿ ತೋರಿಸಿದವನು ಅಣ್ಣ. ತಂಗಿಯ ಮೇಲಿನ ಪ್ರೀತಿಯಿಂದಲ್ಲ. ಅಧ್ಯಕ್ಷನ ತಂಗಿ ರಿಜಿಸ್ಟರ್ ಮದುವೆಯಾದರೆ ಅಧ್ಯಕ್ಷಗಿರಿಗೆ ಸಂಚಕಾರ. "ಮೊದಲನೇ ಮದುವೆ ಮುರೀಬೇಕಾಗಿಲ್ಲ ಕಣೇ. ಅದು ಆಗೇ ಇಲ್ಲ ಅಂತ ಚರ್ಚಿನ ನ್ಯಾಯಮಂಡಳಿ ತೀರ್ಪು ಕೊಟ್ರೆ ಮುಗೀತು" ಎಂದ. "ಮನಸ್ಸಿರಲಿಲ್ಲ, ಅಪ್ಪನ ಬಲವಂತಕ್ಕೆ ತಾಳಿ ಕಟ್ಟಿದೆ ಅಂತ ಅವನು ಹೇಳಲಿ. ಅವರಪ್ಪ ಸತ್ತು ಯಾವ ಕಾಲವಾಯ್ತು, ಯಾರು ಬಂದು ಅಲ್ಲ ಅಂತಾರೆ?"

ಇಡೀ ಊರು ನಿಂತು ನೋಡಿದ ಮದುವೆ. ಅದರಲ್ಲಿ ಹುಟ್ಟಿದ ಮಗಳು ನರ್ಸಾಗಿ ದುಡಿಯುತ್ತಿದ್ದಾಳೆ. ಅದು ಆಗಿಯೇ ಇಲ್ಲವಂತೆ! ಹಲ್ಲಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಕ್ಕು ಮುಗಿಸಿ, ತನ್ನ ಕೋಣೆಯಲ್ಲಿ ಮೆಕ್ಯಾನಿಕ್ಕನ್ನು ಎದುರಿಗೆ ಕೂರಿಸಿಕೊಂಡು ಆ ಸುಳ್ಳನ್ನು ಗಿಣಿಪಾಠ ಮಾಡಿಸಿದಳು. ಅವನು ತಡವರಿಸಿದಾಗೆಲ್ಲ ತಿದ್ದಿದಳು. ಅಣ್ಣನಿಗೂ ನನಗೂ ಏನು ವ್ಯತ್ಯಾಸ ಎಂದು ಒಳಗೊಳಗೇ ತನ್ನ ಮೇಲೆ ಅಸಹ್ಯಪಟ್ಟುಕೊಂಡಳು. ಆದರೂ ನಿಲ್ಲಿಸಲಿಲ್ಲ.

ಮೊದಲ ಹೇಳಿಕೆ ಚರ್ಚಿನ ಗುರುಗಳ ಆಫೀಸಿನಲ್ಲಿ. ಫ್ಯಾನ್ ಕಟಕಟ ಅನ್ನುತ್ತಿತ್ತು. ಗುರುಗಳು ಕಣ್ಣಿನ ನಿದ್ದೆ ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದರು. ಅಣ್ಣ ಸಾಕ್ಷಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಮದುವೆ ದಿನ ನಿಮ್ಮ ಮನಸ್ಸಲ್ಲಿ ಏನಿತ್ತು? ಒಪ್ಪಿಗೆ ಇತ್ತಾ?"

ಮೆಕ್ಯಾನಿಕ್ ಹಲ್ಲಮ್ಮನ ಕಡೆ ನೋಡಿದ. ಅವಳು ಹೇಳಿ ಎನ್ನುವಂತೆ ಹುಬ್ಬು ಹಾರಿಸಿದಳು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇತ್ತು ಫಾದರ್. ಇಷ್ಟಪಟ್ಟೇ ಆದೆ. ಆ ದಿನ ನನ್ನಷ್ಟು ಖುಷಿಯಾಗಿದ್ದೋನು ಚರ್ಚಲ್ಲಿ ಇನ್ನೊಬ್ಬ ಇರಲಿಲ್ಲ."

ಅಣ್ಣನ ಕಾಲು ಕೆಳಗಿಳಿಯಿತು. "ಅಲ್ರೀ, ತಲೆ ಗಿಲೆ ಕೆಟ್ಟಿದೆಯಾ ನಿಮಗೆ? ಅಪ್ಪ ಬಲವಂತ ಮಾಡಿದ್ರು ಅಂತ ಹೇಳಿದ್ರಲ್ಲ!"

"ಅಪ್ಪ ಬೇಡ ಅಂದಿದ್ರು. ನಾನೇ ಹಟ ಹಿಡಿದೆ."

ಗುರುಗಳು ಪೆನ್ನಿಗೆ ಮುಚ್ಚಳ ಹಾಕಿದರು. ಇದರಲ್ಲಿ ಮಾಡುವಂಥದ್ದೇನೂ ಇಲ್ಲ, ದೇವರ ಚಿತ್ತ ಎಂದರು. ದೇವರ ಚಿತ್ತ ಅವರ ಊಟದ ಹೊತ್ತಿಗೆ ಸರಿಯಾಗಿ ಹೊಂದಿಕೊಂಡಿತ್ತು.

ಹಲ್ಲಮ್ಮನಿಗೆ ಮೈಯೆಲ್ಲ ಉರಿಯಿತು. ಬೀದಿಗೆ ಬಂದವಳೇ ಜಾಡಿಸಿದಳು. "ಓಡಿಹೋದೋಳ ಮಾನ ಕಾಪಾಡೋಕೆ ನನ್ನ ಪ್ರಸಾದ ಕಿತ್ಕೊಂಡ್ರಲ್ಲ! ಅಷ್ಟು ಇಷ್ಟ ಇತ್ತಾ ಅವಳ ಮೇಲೆ? ಒಂದು ಸುಳ್ಳು, ನನಗೋಸ್ಕರ ಒಂದೇ ಒಂದು ಸುಳ್ಳು ಹೇಳೋಕೆ ಬಾಯಿ ಬರಲಿಲ್ವಾ?"

"ಹೇಳೋಣ ಅಂತಾನೇ ಬಂದೆ" ಎಂದ ಅವನು. "ಆಮೇಲೆ ಅನ್ನಿಸ್ತು, ಇವತ್ತು ಅವಳ ವಿಷಯದಲ್ಲಿ ಇಲ್ಲ ಅಂದ್ರೆ, ನಾಳೆ ಬೇಕಾದ್ರೆ ಇದೇ ಕುರ್ಚೀಲಿ ಕೂತು ನಿಮ್ಮ ವಿಷಯದಲ್ಲೂ ಇಲ್ಲ ಅಂದುಬಿಡ್ತೀನಿ."

ಐವತ್ತು ವರ್ಷದಲ್ಲಿ ಯಾರ ಮಾತಿಗೂ ಉತ್ತರ ಬಾಕಿ ಇಟ್ಟವಳಲ್ಲ ಹಲ್ಲಮ್ಮ. ಇದಕ್ಕೂ ಇಡಲಿಲ್ಲ. ಬಸ್ಸಿನೊಳಗೆ ಕೂತ ಮೇಲೆ, ರಿಜಿಸ್ಟ್ರಾರ್ ಆಫೀಸಿಗೆ ಹೋಗೋಕೆ ಯಾವತ್ತು ರಜೆ ಹಾಕುತ್ತೀರಿ ಎಂದು ಕೇಳಿದಳು.

ಅಣ್ಣ ಮನೆಗೆ ಹೋಗಿ ಹೆಂಡತಿಯೆದುರು ಕುಣಿದಾಡಿದ. ಆಫೀಸಿನಲ್ಲಿ ನಡೆದದ್ದನ್ನೆಲ್ಲ, ಗುರುಗಳು ಕೇಳಿದ ಪ್ರಶ್ನೆಯನ್ನೂ ಬಿಡದೆ, ಒದರಿದ. ತಂಗಿ ತನ್ನ ಪಾಲಿಗೆ ಸತ್ತಳು ಎಂದು ಸಾರಿದ. ಸತ್ತಿದ್ದರೆ ಪ್ರಾರ್ಥನೆಯನ್ನಾದರೂ ಮಾಡಿಸುತ್ತಿದ್ದ. ರಿಜಿಸ್ಟರ್ ಮದುವೆಗೆ ಬಂದವಳು ಮೆಕ್ಯಾನಿಕ್ಕನ ನರ್ಸ್ ಮಗಳು ಒಬ್ಬಳೇ.

ಮುಂದಿನ ಭಾನುವಾರ ಇಬ್ಬರೂ ಪೂಜೆಗೆ ಹೋದರು. ಹಿಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತರು. ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದರು. ಹಲ್ಲಮ್ಮನ ಮೊಣಕಾಲು ತಾನಾಗಿಯೇ ಏಳಲು ಹೊರಟಿತು, ಅವಳು ಕೈಯಿಂದ ಅದನ್ನು ಒತ್ತಿ ಹಿಡಿದಳು. ಕಣ್ಣು ತುಂಬಿಕೊಂಡಿತು. ಆ ಕಣ್ಣೀರನ್ನು ಈ ಜನ ನೋಡಬಾರದೆಂದು ತಲೆ ತಗ್ಗಿಸಿದಳು. ಬಾಡಿಗೆದಾರರ ನೀರು ನಿಲ್ಲಿಸಿ ಓಡಿಸಿದವನು ಸಾಲಿನಲ್ಲಿದ್ದ. ಸೊಸೆಯನ್ನು ಹೊಸ್ತಿಲಾಚೆ ನಿಲ್ಲಿಸಿದವಳೂ ಇದ್ದಳು. ಅಣ್ಣ ಎದೆಯ ಮೇಲೆ ಕೈ ಜೋಡಿಸಿ, ತಂಗಿಯ ಕಡೆ ಕಣ್ಣು ಹಾಯಿಸದೆ ಬೆಂಚನ್ನು ದಾಟಿದ. ಅವನ ಹಿಂದೆ ಅತ್ತಿಗೆ.

ಸಾಲು ಸ್ವಲ್ಪ ಹೊತ್ತು ನಿಂತಿತು. ಅತ್ತಿಗೆ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ ಹಲ್ಲಮ್ಮನ ಕಿವಿಯ ಹತ್ತಿರ ಬಂದಳು.

"ಒಪ್ಪಿಗೆ ಇತ್ತಾ ಅನ್ನೋ ಆ ಪ್ರಶ್ನೇನ ಫಾದರ್ ನನ್ನನ್ನ ಕೇಳಿದ್ದಿದ್ರೆ, ನಾನೊಂದು ಸುಳ್ಳೂ ಹೇಳ್ಬೇಕಾಗಿರಲಿಲ್ಲ ಕಣೇ. ಮದುವೆ ಹಿಂದಿನ ದಿನ ನನ್ನನ್ನ ರೂಮಲ್ಲಿ ಕೂಡಿ ಬೀಗ ಹಾಕಿದ್ರು."

ಹಲ್ಲಮ್ಮ ತಲೆಯೆತ್ತುವಷ್ಟರಲ್ಲಿ ಸಾಲು ಮುಂದೆ ಸರಿದಿತ್ತು. ಅತ್ತಿಗೆ ಕೈಮುಗಿದುಕೊಂಡು ಗಂಡನ ಹಿಂದೆಯೇ ಪ್ರಸಾದಕ್ಕೆ ಹೋದಳು.