ಆರ್ಡಿಸಳ ಹಿತ್ತಿಲಲ್ಲಿ ಸಿಕ್ಕ ಪಾದ

ಐಲಿ ಕಂಗಸ್ ಮೂಳೆ ಬೇಯಿಸುವ ದಿನ ಮೊದಲು ಹೊರಗೆ ಬಂದು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಳ್ಳುತ್ತಿದ್ದಳು. ಪಡುವಣ ಗಾಳಿಯಾದರೆ ವಾಸನೆ ಸರೋವರದ ಕಡೆ ಹೋಗುತ್ತಿತ್ತು. ಮೂಡಣ ಗಾಳಿಯಾದರೆ ಪಕ್ಕದ ಮನೆಯ ಆರ್ಡಿಸ್ ಥೋರ್ಸೆನ್‌ಳ ಅಡುಗೆಮನೆಗೇ ಹೋಗುತ್ತಿತ್ತು. ಆ ಮನೆಯ ಕಿಟಕಿ ಧಡಾರೆಂದು ಮುಚ್ಚಿದರೆ ಮಧ್ಯಾಹ್ನದೊಳಗೆ ಟೌನ್ ಆಫೀಸಿನಿಂದ ಫೋನ್ ಬರುವುದು ಖಾತ್ರಿ.

"ಐಲಿ, ಈ ಸಲ ಏನು?"

"ಬೀವರ್."

"ಮುಚ್ಚಳ ಹಾಕಿ ಬೇಯಿಸಮ್ಮ."

ಮುಚ್ಚಳ ಹಾಕಿಯೇ ಬೇಯಿಸುತ್ತಿದ್ದಳು. ಹಳ್ಳಕ್ಕೇ ಕಟ್ಟೆ ಕಟ್ಟುವ ಬೀವರ್ ಅದಕ್ಕೆಲ್ಲ ಬಗ್ಗುವ ಪ್ರಾಣಿಯಲ್ಲ.

ಟ್ಯಾಮರಾಕ್ ಎಂಬ ಆ ಊರು ಅಮೆರಿಕದ ಮಿನೆಸೋಟ ರಾಜ್ಯದ ಉತ್ತರ ತುದಿಯಲ್ಲಿದೆ. ಐಲಿ ಹುಟ್ಟಿ ಬೆಳೆದದ್ದು ಅಲ್ಲೇ. ಅಪ್ಪ ಟೊಯ್ವೊ ಕಂಗಸ್ ಸೊಸೈಟಿ ಅಂಗಡಿಯಲ್ಲಿ ಮಾಂಸ ಕಡಿಯುತ್ತಿದ್ದ. ನವೆಂಬರ್ ಬಂತೆಂದರೆ ಊರಿನವರೆಲ್ಲ ಹೊಡೆದ ಜಿಂಕೆಗಳು ಅವನ ಶೆಡ್ಡಿನಲ್ಲಿ ಸಾಲಾಗಿ ತೂಗುತ್ತಿದ್ದವು. ಕೀಲು ಎಲ್ಲಿದೆ ಎಂದು ಬೆರಳಲ್ಲಿ ಮುಟ್ಟಿ ತಿಳಿದುಕೊಂಡರೆ ಚಾಕುವಿಗೆ ಬಲ ಬೇಕಾಗಿಲ್ಲ ಎನ್ನುವುದನ್ನು ಐಲಿ ಓದು ಬರಹಕ್ಕಿಂತ ಮೊದಲೇ ಕಲಿತಿದ್ದಳು. ಅಮ್ಮನಿಗೆ ಮಾತ್ರ ಮಗಳು ನರ್ಸ್ ಆಗಬೇಕೆಂದಿತ್ತು. ಅದಕ್ಕೆಂದೇ ಅವಳನ್ನು ಡುಲುತ್ ನಗರದ ಕಾಲೇಜಿಗೆ ಕಳಿಸಿದರು.

ಮೊದಲ ಬೇಸಿಗೆ ರಜೆಯಲ್ಲಿ ಕೈಖರ್ಚಿಗಾಗಿ ಒಂದು ಉತ್ಖನನದ ಕೆಲಸಕ್ಕೆ ಸೇರಿದಳು. ಸಾವಿರಾರು ವರ್ಷಗಳ ಹಿಂದೆ ಜನ ಸರೋವರದ ದಂಡೆಯಲ್ಲಿ ಬಿಡಾರ ಹೂಡಿದ್ದ ಜಾಗ ಅದು. ಉಳಿದವರಿಗೆ ಬಾಣದ ಮೊನೆ, ಮಡಕೆ ಚೂರುಗಳ ಮೇಲೆ ಆಸೆ. ಮೂಳೆಗಳೆಲ್ಲ ಒಂದು ಮೂಲೆಯ ಡಬ್ಬಿಗಳಿಗೆ ಬೀಳುತ್ತಿದ್ದವು. ಊಟದ ಹೊತ್ತಿನಲ್ಲಿ ಐಲಿ ಆ ಡಬ್ಬಿಗಳನ್ನು ಕೆದಕುತ್ತ ಕೂತಳು. ಇದು ಜಿಂಕೆಯ ಮುಂಗಾಲು, ಎಡಗಡೆಯದು. ಇಲ್ಲಿ ಕೊಯ್ದ ಗುರುತಿದೆ. ಅಪ್ಪನೂ ಇಲ್ಲೇ ಕೊಯ್ಯುತ್ತಾನೆ. ಅಷ್ಟು ಹಳೆಯ ಕೈಯೊಂದು ಅಪ್ಪನ ಕೈಯಂತೆಯೇ ಚಾಕು ಹಿಡಿದಿತ್ತು ಎಂದು ಹೊಳೆದಾಗ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಕೈಯಲ್ಲೇ ಉಳಿಯಿತು. ಶರತ್ಕಾಲಕ್ಕೆ ಅವಳು ನರ್ಸಿಂಗ್ ಬಿಟ್ಟಿದ್ದಳು. ಅಮ್ಮ ಮೂರು ವಾರ ಮಾತಾಡಲಿಲ್ಲ. ಅಪ್ಪ ಒಂದೇ ಮಾತು ಕೇಳಿದ.

"ಅವರು ಏನು ತಿಂತಿದ್ರು ಅಂತ ಗೊತ್ತಾಯ್ತಾ?"

"ಮೀನು. ಜಾಸ್ತಿ ಮೀನೇ."

"ಸರೋವರದ ದಂಡೇಲಿ ಕೂತು ಇನ್ನೇನು ತಿಂತಾರೆ?" ಎಂದ ಟೊಯ್ವೊ. ಆದರೂ ಫೀಸು ಕಟ್ಟಿದ.

ಓದು ಮುಗಿಯಿತು, ಡಾಕ್ಟರೇಟೂ ಆಯಿತು. ಕಾಯಂ ನೌಕರಿ ಮಾತ್ರ ಆಗಲಿಲ್ಲ. ರಸ್ತೆಯನ್ನೋ ಸೇತುವೆಯನ್ನೋ ಕಟ್ಟುವ ಮೊದಲು ನೆಲ ಅಗೆದು ನೋಡಬೇಕೆಂದು ಕಾನೂನಿದೆ. ಅಗೆದವರು ಸಿಕ್ಕ ಮೂಳೆಗಳನ್ನು ಪೆಟ್ಟಿಗೆಗೆ ತುಂಬಿ ಐಲಿಗೆ ಕಳಿಸುತ್ತಿದ್ದರು. ಯಾವ ಪ್ರಾಣಿ, ಯಾವ ಭಾಗ, ಎಷ್ಟು ವಯಸ್ಸು, ಬೇಯಿಸಿದ್ದೋ ನಾಯಿ ಕಚ್ಚಿದ್ದೋ ಎಂದು ಅವಳು ವರದಿ ಬರೆದು ಕೊಡುತ್ತಿದ್ದಳು. ವರದಿ ಕಪಾಟು ಸೇರುತ್ತಿತ್ತು, ರಸ್ತೆ ಆಗುತ್ತಿತ್ತು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳು ಟ್ಯಾಮರಾಕ್‌ನ ಮನೆಗೇ ಬಂದು ನೆಲೆಸಿದಳು. ಮಣ್ಣಿನಲ್ಲಿ ಸಿಕ್ಕ ಚೂರನ್ನು ಗುರುತಿಸಬೇಕಾದರೆ ಪಕ್ಕದಲ್ಲಿಟ್ಟು ಹೋಲಿಸಲು ಗೊತ್ತಿರುವ ಪ್ರಾಣಿಯ ಇಡೀ ಅಸ್ಥಿಪಂಜರ ಬೇಕು. ಅಂಥವು ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಅಪ್ಪನ ಶೆಡ್ಡಿನಲ್ಲಿ ಎರಡು ಫ್ರೀಜರು, ಒಂದು ದೊಡ್ಡ ಹಂಡೆ, ಮಾಂಸ ತಿಂದು ಮೂಳೆ ಉಳಿಸುವ ಹುಳುಗಳ ಒಂದು ಪೆಟ್ಟಿಗೆ ಬಂದು ಕೂತವು. ಹೆದ್ದಾರಿಯಲ್ಲಿ ಪ್ರಾಣಿ ಸತ್ತು ಬಿದ್ದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಶೆರಿಫ್ ಡುವೇನ್ ಪೆಲ್ಟೊ ಫೋನ್ ಮಾಡುತ್ತಿದ್ದ. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು.

"ಒಂದು ಲಿಂಕ್ಸ್ ಕಾಡುಬೆಕ್ಕು ಬಿದ್ದಿದೆ ಮಾರಾಯ್ತಿ. ನಿಂಗೆ ಬೇಕೋ, ಬಿಸಾಕಲೋ?"

"ಮುಟ್ಟಬೇಡ, ಬಂದೆ."

ಮದುವೆಯ ಪ್ರಸ್ತಾಪ ಒಂದು ಸಲ ಬಂದಿತ್ತು. ಮರದ ಮಿಲ್ಲಿನ ಲೆಕ್ಕಿಗ, ಒಳ್ಳೆಯವನು. ಐಸ್‌ಕ್ರೀಮ್ ತೆಗೆಯಲೆಂದು ಹೋಗಿ ತಪ್ಪು ಫ್ರೀಜರ್ ತೆರೆದ.

ಇನ್ನು ಪಕ್ಕದ ಮನೆಯ ಆರ್ಡಿಸ್. ಎಪ್ಪತ್ತು ದಾಟಿದ, ಬೆನ್ನು ನೆಟ್ಟಗಿದ್ದ, ಚರ್ಚಿನಲ್ಲಿ ಮುಂದಿನ ಸಾಲು ಬಿಟ್ಟುಕೊಡದ ಹೆಂಗಸು. ಅವಳ ಗಂಡ ಆರ್ವಿಡ್ ೧೯೭೪ರ ಶರತ್ಕಾಲದಲ್ಲಿ ದೋಣಿಯ ಇಂಜಿನ್ನಿಗೆ ಬಿಡಿಭಾಗ ತರುತ್ತೇನೆಂದು ಹೋದವನು ವಾಪಸ್ಸಾಗಲಿಲ್ಲ. ಆ ವಾರವೇ ಆರ್ಡಿಸ್ ಹಿತ್ತಿಲಲ್ಲಿ ಅಗೆದು ಎಲೆಕೋಸಿನ ಪಾತಿ ಮಾಡಿದಳು. ಅಷ್ಟು ಸಾಕಾಯಿತು. ಅವತ್ತಿನಿಂದ ಊರಿನವರು ಅವಳು ಕೊಟ್ಟ ಕಾಫಿಯನ್ನು ಮೂಸಿ ಕುಡಿದರು. ಸಾಲ ಕೇಳಲು, ಸಲಹೆ ಹೇಳಲು, ಬೇಲಿಯ ಗೆರೆ ಒಂದಡಿ ಸರಿಸಲು ಯಾರೂ ಅವಳ ಹತ್ತಿರ ಹೋಗಲಿಲ್ಲ. ಹಿಂದಿನಿಂದ ಆಡಿಕೊಂಡರು, ಎದುರಿಗೆ ಟೋಪಿ ತೆಗೆದರು. ಆರ್ಡಿಸಳ ಎಲೆಕೋಸು ಪ್ರತಿ ವರ್ಷ ಜಿಲ್ಲಾ ಪ್ರದರ್ಶನದಲ್ಲಿ ಬಹುಮಾನ ಗೆದ್ದಿತು. ತೀರ್ಪುಗಾರರು ರುಚಿ ನೋಡುತ್ತಿರಲಿಲ್ಲ, ಗಾತ್ರ ನೋಡಿಯೇ ಕೊಟ್ಟುಬಿಡುತ್ತಿದ್ದರು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ೨೦೦೩ರ ಜೂನ್‌ನಲ್ಲಿ, ಕೊಳಚೆ ಪೈಪು ಬದಲಿಸಲು ಟೌನಿನವರು ಆರ್ಡಿಸಳ ಹಿತ್ತಿಲಿಗೆ ಯಂತ್ರ ತಂದರು. ಎಲೆಕೋಸಿನ ಪಾತಿಯ ಅಂಚಿನಲ್ಲಿ ಒಂದು ಬಕೆಟ್ ಮಣ್ಣು ಎತ್ತಿದ ಯಂತ್ರದವನು ಕೆಳಗಿಳಿದು ನೋಡಿ, ಹೆಲ್ಮೆಟ್ ತೆಗೆದು, ತನ್ನ ಲಾರಿಯೊಳಗೆ ಹೋಗಿ ಕೂತ.

ಮಣ್ಣಿನಲ್ಲಿ ಒಂದು ಪಾದವಿತ್ತು, ಬರೀ ಮೂಳೆ. ಐದು ಬೆರಳು, ಹಿಮ್ಮಡಿ ಕಾಣುತ್ತಿದ್ದವು.

ಹತ್ತು ನಿಮಿಷದಲ್ಲಿ ಶೆರಿಫ್ ಬಂದು ಹಳದಿ ಟೇಪು ಕಟ್ಟಿದ. ಅರ್ಧ ಗಂಟೆಯಲ್ಲಿ ಅರ್ಧ ಊರು ಟೇಪಿನ ಆಚೆ ನಿಂತಿತ್ತು. ಕೆಲವರು ಮಡಚುವ ಕುರ್ಚಿಯನ್ನೂ ತಂದಿದ್ದರು. ಆರ್ಡಿಸ್ ವರಾಂಡದಲ್ಲಿ ಕೈಕಟ್ಟಿ ನಿಂತಿದ್ದಳು.

ಡುವೇನ್ ಬೇಲಿಯ ಈಚೆಗೆ ಬಂದು ತಗ್ಗಿದ ದನಿಯಲ್ಲಿ, "ಐಲಿ, ನೀನೊಂದ್ಸಲ ನೋಡೇ. ನನ್ ಕಣ್ಣಿಗೆ ಮನುಷ್ಯಂದೇ ಕಾಣ್ತದೆ. ಈ ಮುದುಕಿಗೆ ಕೋಳ ಹಾಕ್ಬೇಕಾದ್ರೆ ನಾನು ರಾಜೀನಾಮೆ ಕೊಡ್ತೀನಿ, ನಂಗೆ ಚರ್ಚಲ್ಲಿ ಭಾನುವಾರದ ಪಾಠ ಹೇಳ್ಕೊಟ್ಟೋರು ಅವ್ರೇ" ಎಂದ.

ಐಲಿ ಬೇಲಿ ದಾಟಿ ಹೋಗಿ, ಮಂಡಿಯೂರಿ ಕೂತು ಬ್ರಷ್‌ನಿಂದ ಮಣ್ಣು ಸರಿಸಿದಳು. ಎಲ್ಲಕ್ಕಿಂತ ದಪ್ಪ ಬೆರಳು ಹೊರಮಗ್ಗುಲಲ್ಲಿತ್ತು, ಸಣ್ಣದು ಒಳಗಡೆ. ಮನುಷ್ಯನ ಪಾದದಲ್ಲಿ ಇದು ತಿರುಗಾಮುರುಗಾ. ಬೆರಳ ತುದಿಯ ಗೆಣ್ಣುಗಳೇ ಇರಲಿಲ್ಲ; ಇರಬೇಕಾದಲ್ಲಿ ಚಾಕುವಿನ ಸಣ್ಣ ಗೀರುಗಳಿದ್ದವು. ಚರ್ಮ ಸುಲಿಯುವವರು ಉಗುರನ್ನು ತುದಿಗೆಣ್ಣಿನ ಸಮೇತ ಚರ್ಮದ ಜೊತೆಗೇ ಬಿಡಿಸಿಕೊಳ್ಳುತ್ತಾರೆ. ಕೊಯ್ದವನಿಗೆ ಕೀಲು ಎಲ್ಲಿದೆ ಎಂದು ಗೊತ್ತಿರಲಿಲ್ಲ, ಕಂಡಕಂಡಲ್ಲಿ ಕೊರೆದಿದ್ದ. ಐಲಿ ಸಮಾಧಾನಕ್ಕೆಂದು ಶೆಡ್ಡಿಗೆ ಹೋಗಿ ತನ್ನ ಮೂಳೆಯ ಡಬ್ಬಿಯೊಂದನ್ನು ತಂದು ಪಕ್ಕದಲ್ಲಿಟ್ಟು ಹೋಲಿಸಿದಳು. ಆಮೇಲೆ ಎದ್ದು, ಶೆರಿಫ್‌ಗೂ ಹೇಳದೆ, ಮೊದಲು ಆರ್ಡಿಸಳ ಅಡುಗೆಮನೆಗೆ ಹೋದಳು. ಮುದುಕಿಯ ಎದೆಯ ಭಾರ ಇಳಿಸಬೇಕೆಂದು ಅವಳ ಆಸೆ.

"ಮಿಸೆಸ್ ಥೋರ್ಸೆನ್, ಹೆದ್ರಬೇಡಿ. ಅದು ಕರಡಿ. ಕರಡಿಯ ಹಿಂಗಾಲು."

ಆರ್ಡಿಸ್ ಕಾಫಿ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು. "ಗ್ಯಾರಂಟಿನಾ?"

"ಗ್ಯಾರಂಟಿ."

"ಹೇಳೋಕಾಗಲ್ಲ, ಹಳೇದಾಗಿದೆ, ಸವೆದಿದೆ, ಹಾಗೇನಾದ್ರೂ ಬರೀಬಹುದಲ್ಲ?"

"ಸವೆದಿಲ್ವಲ್ಲ. ಚೆನ್ನಾಗಿದೆ."

ಆರ್ಡಿಸ್ ಕುರ್ಚಿ ಎಳೆದು ಕೂತಳು. "ಇಷ್ಟು ಓದಿದ್ದೀಯ, ಸ್ವಲ್ಪನೂ ಬುದ್ಧಿ ಬೇಡ್ವೇನೇ ನಿಂಗೆ? ಅವನು ಓಡಿಹೋದ. ಮಿಲ್ಲಿನ ಕ್ಯಾಂಟೀನಿನವಳ ಜೊತೆ. ನಂಗೆ ಅವತ್ತೇ ಗೊತ್ತಿತ್ತು. ಗಂಡ ಬಿಟ್ಟೋದೋಳು ಅಂದ್ರೆ ಈ ಊರಲ್ಲಿ ಏನು ಮರ್ಯಾದೆ? ಎಲ್ರೂ ಬಂದು ತಲೆ ಸವರ್ತಾರೆ. ಕೊಂದೋಳು ಅಂದ್ರೆ ಯಾರೂ ಹತ್ರ ಬರಲ್ಲ. ನಾನಾಗಿ ಒಂದು ಸುಳ್ಳು ಹೇಳ್ಲಿಲ್ಲ. ಅವರೇ ಅಂದ್ಕೊಂಡ್ರು, ನಾನು ಬೇಡ ಅನ್ಲಿಲ್ಲ ಅಷ್ಟೆ."

ಐಲಿ ಒಂದು ಸಲ ಬಾಗಿಲಿನ ಕಡೆ ನೋಡಿದಳು, ಒಂದು ಸಲ ತನ್ನ ಮಣ್ಣಿನ ಕೈ ನೋಡಿಕೊಂಡಳು. ಹೊರಗೆ ಶೆರಿಫ್ ಕಾಯುತ್ತಿದ್ದ.

"ಅದನ್ನ ಮನುಷ್ಯಂದು ಅಂತ ನಾನು ಹೇಳಕ್ಕಾಗಲ್ಲ, ಮಿಸೆಸ್ ಥೋರ್ಸೆನ್."

"ಗೊತ್ತು ಬಿಡು. ನಿಮ್ಮಪ್ಪನೂ ಹೀಗೇ. ತಕ್ಕಡಿ ಮೇಲೆ ಒಂದು ದಿನ ಹೆಬ್ಬೆರಳು ಇಟ್ಟವನಲ್ಲ." ಕಾಫಿ ಲೋಟ ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು: "ಕರಡೀನಾ? ಅವನು ಹೋಗೋ ಮುಂಚೆ, ನಾವು ಮದುವೆಯಾದ ದಿನ ಬಂತು ಅಂತ ಒಂದು ಕರಡಿ ಚರ್ಮ ತಂದುಕೊಟ್ಟಿದ್ದ. ಡುಲುತ್‌ನಲ್ಲಿ ದುಡ್ಡು ಕೊಟ್ಟು ತಂದೆ ಅಂದ."

"ಹೊಡೆದು ತಂದು, ಮಿಕ್ಕಿದ್ದು ಇಲ್ಲೇ ಹೂತಿದ್ದಾರೆ ಅನ್ಸುತ್ತೆ. ಸುಲಿಯೋಕೂ ಬರ್ತಿರಲಿಲ್ಲ."

"ಅವನಿಗೆ ಯಾವುದು ಬರ್ತಿತ್ತು?" ಎಂದಳು ಆರ್ಡಿಸ್.

ಐಲಿ ಹೊರಗೆ ಹೋಗಿ ಡುವೇನ್‌ಗೆ ಇದ್ದದ್ದು ಹೇಳಿದಳು. ಅವನ ಕಣ್ಣಲ್ಲಿ ನೀರೇ ಬಂತು. ಟೇಪಿನಾಚೆ ಇದ್ದವರು ಕುರ್ಚಿ ಮಡಚಿಕೊಂಡು ಹೋದರು. ಕೆಲವರ ಮುಖ ಸಪ್ಪಗಾಗಿತ್ತು.

ಮಾರನೆಯ ದಿನದಿಂದಲೇ ಅನುಕಂಪ ಶುರುವಾಯಿತು. ಚರ್ಚಿನ ಹೆಂಗಸರು ಮಾಂಸ, ಆಲೂಗೆಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ ತಟ್ಟೆಗಳನ್ನು ಹಿಡಿದು ಸಾಲಾಗಿ ಬಂದರು. "ಪಾಪ, ಎಷ್ಟು ವರ್ಷ ಒಬ್ಬಳೇ ಸಹಿಸಿದ್ರಲ್ಲ" ಎಂದು ಕೈ ಹಿಡಿದುಕೊಂಡರು. ಆರ್ಡಿಸ್ ತಟ್ಟೆ ಇಸಿದುಕೊಂಡು ಹಾಗೇ ಬೇಲಿಯ ಮೇಲಿಂದ ಐಲಿಗೆ ದಾಟಿಸಿದಳು.

"ತಗೋ, ನಿನ್ನ ಹುಳಗಳಿಗೆ ಹಾಕು."

ಹುಳುಗಳು ಮುಟ್ಟಲಿಲ್ಲ. ಐಲಿಯೇ ತಿಂದಳು, ವಾರಗಟ್ಟಲೆ.

ಕಡತ ಮತ್ತೆ ತೆರೆದದ್ದರಿಂದ ಶೆರಿಫ್ ಕಂಪ್ಯೂಟರಿನಲ್ಲಿ ಹುಡುಕಿದ. ಆರ್ವಿಡ್ ಥೋರ್ಸೆನ್ ಅರಿಜೋನಾದಲ್ಲಿ ಆರೋಗ್ಯವಾಗಿದ್ದ. ವಿಳಾಸ ಬೇಕೇ ಎಂದು ಡುವೇನ್ ಬಂದು ಕೇಳಿದಾಗ ಆರ್ಡಿಸ್ ಬೇಡವೆಂದಳು.

"ಪರ್ಮಿಟ್ ಇಲ್ದೆ ಕರಡಿ ಹೊಡೆದಿದ್ದಕ್ಕೆ ಈಗ ದಂಡ ಹಾಕಬಹುದಾ?"

"ಕಾಲ ಮೀರಿದೆ ಮಿಸೆಸ್ ಥೋರ್ಸೆನ್."

"ಕೇಳಿದೆ ಅಷ್ಟೆ."

ಕರಡಿಯ ಸುದ್ದಿ ಜಿಲ್ಲೆಯ ಪತ್ರಿಕೆಯಲ್ಲಿ ಬಂತು, ಅಲ್ಲಿಂದ ದೊಡ್ಡ ಪತ್ರಿಕೆಗೆ ಹೋಯಿತು. ಐಲಿ ಇಪ್ಪತ್ತು ವರ್ಷ ಬರೆದ ವರದಿಗಳನ್ನು ಓದದವರೆಲ್ಲ ಇದನ್ನು ಓದಿದರು. ಮುಂದಿನ ವಸಂತದಲ್ಲಿ ಡುಲುತ್‌ನ ಒಂದು ಮ್ಯೂಸಿಯಂನವರು ಕರೆದು ಕಾಯಂ ಕೆಲಸ ಕೊಟ್ಟರು. ಸಂಬಳ, ವಿಮೆ, ಹೊಗೆ ಹೊರಗೆಳೆಯುವ ಫ್ಯಾನು ಇರುವ ಕೋಣೆ. ಐಲಿ ಫ್ಯಾನನ್ನು ಎರಡು ಸಲ ಹಾಕಿ, ಆರಿಸಿ ನೋಡಿದಳು. ಮೂಳೆಯ ಡಬ್ಬಿಗಳೆಲ್ಲ ಲಾರಿಯಲ್ಲಿ ಹೋದವು. ಡುವೇನ್ ಬಂದು ಫ್ರೀಜರು ಹೊರಲು ಕೈ ಕೊಟ್ಟ. ಆರ್ಡಿಸ್ ಆ ಪಾದವನ್ನು ಶೆರಿಫ್ ಕಚೇರಿಯಿಂದ ಬಿಡಿಸಿಕೊಂಡು ಬಂದು, "ನನ್ನ ಆಸ್ತಿ ಇದು, ನಿಂಗೆ ಕೊಟ್ಟಿದ್ದೀನಿ" ಎಂದು ಲಾರಿಯ ಮುಂದಿನ ಸೀಟಿನಲ್ಲಿ ಇಟ್ಟಳು.

ಮ್ಯೂಸಿಯಂನಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಮನುಷ್ಯನ ಪಾದದ ಚಿತ್ರ ಹಾಕಿ, ವ್ಯತ್ಯಾಸ ಬರೆದು ತೂಗುಹಾಕಿದರು. ಸೆಪ್ಟೆಂಬರಿನಲ್ಲಿ ಆರ್ಡಿಸ್ ಬಸ್ಸು ಹತ್ತಿ ನೋಡಲು ಬಂದಳು. ಐಲಿ ಕೆಲಸ ಮುಗಿಸಿ ಕೋಟು ಹಾಕಿಕೊಂಡು ಬರುವಷ್ಟರಲ್ಲಿ ಪೆಟ್ಟಿಗೆಯ ಮುಂದೆ ಯಾರೋ ಪ್ರವಾಸಿ ದಂಪತಿ ನಿಂತಿದ್ದರು. ಆರ್ಡಿಸ್ ಅವರ ಪಕ್ಕ ಕೈಚೀಲ ಹಿಡಿದು ನೆಟ್ಟಗೆ ನಿಂತಿದ್ದಳು.

"ನಮ್ಮ ಹಿತ್ತಿಲಲ್ಲಿ ಸಿಕ್ಕಿದ್ದು ಇದು," ಎನ್ನುತ್ತಿದ್ದಳು. "ಎಲೆಕೋಸಿನ ಬುಡದಲ್ಲಿ. ನಮ್ಮೆಜಮಾನ್ರು ಕಾಣೆಯಾದ ವರ್ಷದ್ದು."

ಹೆಂಗಸು ಗಾಬರಿಯಿಂದ ಫಲಕದ ಕಡೆ ನೋಡಿದಳು. "ಕರಡಿ ಅಂತ ಬರೆದಿದ್ದಾರಲ್ಲ?"

"ಹೌದು," ಎಂದಳು ಆರ್ಡಿಸ್. "ಹಾಗಂತ ಬರೆದಿದ್ದಾರೆ."

ದಂಪತಿ ಪಕ್ಕದ ಕೋಣೆಗೆ ಬೇಗ ಬೇಗ ಹೊರಟರು. ಐಲಿ ಕಂಬದ ಮಗ್ಗುಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ತಿದ್ದಲು ಹೋಗಲಿಲ್ಲ.

"ಊಟ ಆಯ್ತಾ ಮಿಸೆಸ್ ಥೋರ್ಸೆನ್?"

"ಎಲ್ಲಿ? ಬಸ್ಸಲ್ಲಿ ಯಾರೋ ಬ್ರೆಡ್ ಕೊಡೋಕೆ ಬಂದ್ರು, ಪಾಪದ ಮುದುಕಿ ಅಂತ. ಬೇಡ ಅಂದೆ." ಆರ್ಡಿಸ್ ಐಲಿಯ ಕೋಟಿಗೆ ಮೂಗು ತಂದಳು. "ಇದೇನಿದು, ಈಗಲೂ ನಾತ ಹೊಡೀತೀಯಲ್ಲೇ."

"ನೀರುನಾಯಿ."

"ಫ್ಯಾನಿದೆ ಅಂದಿದ್ದೆ?"

"ಇದೆ," ಎಂದಳು ಐಲಿ. ಇಬ್ಬರೂ ಎದುರಿನ ಹೋಟೆಲಿಗೆ ಮೀನಿನ ಸಾರು ಕುಡಿಯಲು ರಸ್ತೆ ದಾಟಿದರು.