ಬೇರು ಹಿಡಿದ ಕೈ

ಹಳೆ ಕಟ್ಟಡ ಒಡೆಯುವುದು ಅವನ ಕಸುಬು. ಎಲ್ಲರೂ ಕರೆಯುವುದು ಸಮ್ಮಟಿಗೆ ಅಂತ. ಹೆಸರಿಟ್ಟವರು ಅವನ ಕೈಯಲ್ಲಿದ್ದ ದೊಡ್ಡ ಕಬ್ಬಿಣದ ಸುತ್ತಿಗೆಯನ್ನಷ್ಟೇ ನೋಡಿ ಇಟ್ಟಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತಡವಾಗಿ ಬಂದನೆಂದು ಲಾರಿ ಚಾಲಕನ ಎರಡು ಹಲ್ಲು ಉದುರಿಸಿದ. ಅದೇ ಸಂಜೆ ಹೆಂಡತಿಗೂ ಹೊಡೆದ. ಅವಳು ಮಾಡಿದ ತಪ್ಪು ಇಷ್ಟೇ, ಏನಾಯ್ತು ಅಂತ ಕೇಳಿದ್ದಳು.

ಮಗಳನ್ನು ಕರೆದುಕೊಂಡು ತವರಿಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು, "ನಲವತ್ತು ದಿನ ಯಾರ ಮೇಲೂ ಕೈ ಎತ್ತದೆ ಇರು, ಬರ್ತೀನಿ. ಎತ್ತಿದ್ಯೋ, ನಮ್ಮನ್ನ ಮರೆತುಬಿಡು."

ರಕ್ತದೊತ್ತಡ ನೋಡಿದ ಡಾಕ್ಟರು, "ಕೆಲಸ ಮುಗಿದ ಮೇಲೆ ದಿನಾ ಒಂದು ಗಂಟೆ ಕೆರೆ ದಂಡೇಲಿ ಮರದ ಕೆಳಗೆ ಕೂತ್ಕೊ," ಅಂದರು. ಮಾತ್ರೆ ಬರೆಯಲು ಬಾರದ ಡಾಕ್ಟರು ಎಂದು ಬೈದುಕೊಂಡೇ ಹೋದ. ಮೊದಲ ವಾರ ಕೂರಲಾಗದೆ ಮರಕ್ಕೇ ಗುದ್ದಿದ. ಬೆರಳ ಗೆಣ್ಣು ಸುಲಿದು ರಕ್ತ ಸೋರಿತು. ಮರ ಅಳಲಿಲ್ಲ, ಹೆದರಲೂ ಇಲ್ಲ. ಜಗಳಕ್ಕೆ ಜೊತೆ ಸಿಗದೆ ಅವನಿಗೇ ಬೇಜಾರಾಯಿತು. ಆಮೇಲೆ ಸುಮ್ಮನೆ ಕೂತು ನೀರುಕೋಳಿಗಳನ್ನು ನೋಡತೊಡಗಿದ. ಮೂರನೆಯ ವಾರ, ಎಷ್ಟೋ ವರ್ಷಗಳ ನಂತರ, ಬೆಳಗಿನವರೆಗೆ ನಿದ್ದೆ ಬಂತು.

ನಲವತ್ತನೆಯ ಸಂಜೆ ಲಾರಿ ಚಾಲಕ ಇಬ್ಬರು ತಮ್ಮಂದಿರೊಂದಿಗೆ ಆ ಮರದ ಕೆಳಗೇ ಬಂದ. ಮಾತಿಲ್ಲ ಕತೆಯಿಲ್ಲ, ಕಬ್ಬಿಣದ ಸರಳು ಬೆನ್ನಿಗೆ ಬಿತ್ತು. ಪಕ್ಕೆಲುಬು ಮುರಿದ ಸದ್ದು ಕೇಳಿಸಿತು. ಅಂಥ ಸದ್ದನ್ನು ಅವನು ಇಷ್ಟು ದಿನ ಬೇರೆಯವರ ಮೈಯಲ್ಲಷ್ಟೇ ಕೇಳಿದ್ದ. ಮೂವರನ್ನೂ ಮಲಗಿಸುವ ಶಕ್ತಿ ತೋಳಲ್ಲಿತ್ತು, ಮುಷ್ಟಿಯೂ ಬಿಗಿಯಿತು. ಬೋರಲು ಬಿದ್ದವನು ನೆಲದಿಂದ ಮೇಲೆದ್ದಿದ್ದ ಬೇರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಒದೆತಕ್ಕೆ ತುಟಿ ಹರಿಯಿತು, ಒಂದು ಕಣ್ಣು ಬಾತು ಮುಚ್ಚಿಕೊಂಡಿತು.

"ಕೈ ಎತ್ತೋ, ಗಂಡಸಲ್ವಾ ನೀನು?" ಚಾಲಕ ಏದುಸಿರು ಬಿಡುತ್ತ ಕೇಳಿದ.

"ಎತ್ತಲ್ಲಪ್ಪ. ನೀನು ಮುಗಿಸ್ಕೊ."

ಮನೆಗೆ ಬಂದಾಗ ಹೆಂಡತಿ ಕಾದಿದ್ದಳು. ಅವನ ಮುಖ ಕಂಡದ್ದೇ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು.

"ಕೊನೇ ದಿನಾನೂ ತಡ್ಕೊಳ್ಳೋಕಾಗ್ಲಿಲ್ಲ, ಅಲ್ವಾ?"

ಅವನು ಎರಡೂ ಕೈ ಚಾಚಿದ. ಯಾರಿಗಾದರೂ ಹೊಡೆದು ಬಂದ ದಿನ ಆ ಗೆಣ್ಣುಗಳು ಹೇಗಿರುತ್ತವೆಂದು, ಹನ್ನೊಂದು ವರ್ಷ ಮುಲಾಮು ಹಚ್ಚಿದವಳಿಗೆ ಗೊತ್ತು. ದೀಪದ ಕೆಳಗೆ ಹಿಡಿದು ನೋಡಿದಳು. ಹಳೆಯ ಕಲೆಗಳಷ್ಟೇ ಇದ್ದವು. ಉಗುರುಗಳೊಳಗೆ ಹಸಿ ಮಣ್ಣು, ತೊಗಟೆಯ ಚೂರು.

ಅವಳು ಆ ಕೈಗಳನ್ನು ಬಿಡದೆ ಮಗಳಿಗೆ ಹೇಳಿದಳು, "ಅಪ್ಪಂಗೆ ನೀರು ತಗೊಂಡ್ಬಾ."